ಕಾಳಿ ಎರಡು

ಪಿಯಾನೊ ಬಂದದ್ದು ಲಾರಿಯಲ್ಲಿ, ಸದಾಶಿವಗಡದ ಧಕ್ಕೆಯ ತನಕ.
ಪೋರ್ಚುಗೀಸರು ಗೋವಾ ಬಿಟ್ಟ ಮೂರನೆಯ ವರ್ಷ;
ಸೇತುವೆ ಇನ್ನೂ ಯಾರ ಕನಸಲ್ಲೂ ಇರಲಿಲ್ಲ.
ಎರಡು ದೋಣಿ ಬಿಗಿದು, ಹಲಗೆ ಹಾಸಿ,
ಬಾಣಂತಿಯನ್ನು ಸಾಗಿಸುವ ಹಾಗೆ
ಕಾಳಿ ನದಿ ದಾಟಿಸಿದರು ಎಂಟು ಜನ.
ನಡುವೆ ಮರಳದಿಬ್ಬಕ್ಕೆ ತಾಗಿತು.
ಒಳಗೆಲ್ಲೋ ಕಡ್ಡಿ ಮುರಿದ ಸದ್ದು.

ಅಪ್ಪ ಪೇಟಿ ರಿಪೇರಿಯವ, ಪಿಯಾನೊ ಕಂಡವನಲ್ಲ.
ಕೋಡಿಬಾಗದ ದಡದಲ್ಲೇ ಮುಚ್ಚಳ ತೆಗೆದು
ಒಂದೊಂದೇ ಮನೆ ಒತ್ತಿ ನೋಡಿದ.
ನಡು ಸಪ್ತಕದ ಕರಿಮನೆ, ನಮ್ಮ ಪೇಟಿಯವರ ಮಾತಲ್ಲಿ ಕಾಳಿ ಎರಡು,
ಟಕ್ ಅಂದಿತು, ಅಷ್ಟೇ.
'ಕಾಳಿ ತನ್ನ ಪಾಲು ತಗೊಂಡಳು' ಅಂದ ಬೊಸ್ತ್ಯಾಂವ್ ರೆಬೆಲೊ.
ನಕ್ಕನೋ ಇಲ್ಲವೋ ನೆನಪಿಲ್ಲ. ನನಗಾಗ ಹನ್ನೊಂದು.

ಕಥೆ ಅವನು ಒಂದೇ ಸಲ ಹೇಳಿದವನಲ್ಲ.
ಬೈತಖೋಲದಲ್ಲಿ ಆಗಬೋಟು ಹತ್ತಿದ ಹುಡುಗ
ಮುಂಬಯಿಯಲ್ಲಿ ದೊಡ್ಡ ಹಡಗಿನ ಅಡುಗೆಮನೆ ಸೇರಿ
ಬಟಾಟೆ ಸುಲಿಯುತ್ತ ಅರ್ಧ ಭೂಮಿ ದಾಟಿದ.
ಬ್ಯೂನಸ್ ಐರಿಸ್‌ನಲ್ಲಿ ಹಡಗು ಅವನನ್ನು ಬಿಟ್ಟು ಹೊರಟಿತು,
ಅಥವಾ ಅವನು ಹಡಗನ್ನು. ಎರಡೂ ಥರ ಹೇಳುತ್ತಿದ್ದ.
ಬಂದರದ ಖಾನಾವಳಿಯಲ್ಲಿ ಪಿಯಾನೊದವನಿಗೆ ಕ್ಷಯ;
ಅವನು ಹೊರಗೆ ಹೋಗಿ ಕೆಮ್ಮುವಷ್ಟು ಹೊತ್ತು ಇವನು ಕೂತ.
ಕೆಮ್ಮು ಉದ್ದವಾಗುತ್ತ ಹೋಯಿತು.

'ಅಲ್ಲೂ ಪೇಟಿ ಉಂಟು ಮಾರಾಯ,
ಮೊಣಕಾಲ ಮೇಲಿಟ್ಟು ಎಳೆಯುತ್ತಾರೆ.
ದೇವರನ್ನು ಮಾತ್ರ ಕರೆಯುವುದಿಲ್ಲ.'

ಟ್ಯಾಂಗೊ ಅಂದರೇನು, ಕೇಳಿದೆ ಒಮ್ಮೆ.
ಕಿಟಕಿಯಾಚೆ ಬೆರಳು ತೋರಿಸಿದ:
ಬುಟ್ಟಿ ಹೊತ್ತು ಬೀಸಾಗಿ ನಡೆದ ಹರಿಕಾಂತರ ಹೆಂಗಸು,
ಹಿಂದಿನಿಂದ ಯಾರೋ ಹಳೇ ಬಾಕಿಗೆ ಕೂಗಿದರು.
ತಟ್ಟನೆ ನಿಂತಳು. ಸೊಂಟ ಮೊದಲು, ಆಮೇಲೆ ಮುಖ,
ಒಂದು ಬಂಗಡೆಯೂ ಜಾರದಂತೆ ತಿರುಗಿದಳು.
'ಅದೇ' ಅಂದ. 'ಬಾಕಿ ಕೊಟ್ಟರೆ ಮುಗಿಯಿತು.'

ಮುಂಬಯಿಯ ಹೋಟೆಲಿನಲ್ಲಿ ಹನ್ನೆರಡು ವರ್ಷ
ಬಿಳಿ ಕೋಟು, ಬ್ಯಾಂಡಿನ ಮುಂದೆ ಅವನ ಹೆಸರು, ಅದೂ ತಪ್ಪು ಸ್ಪೆಲ್ಲಿಂಗಿನಲ್ಲಿ.
ದಾರುಬಂದಿ ಬಂತು. ಕುಡಿತ ನಿಂತಿತು, ಕುಣಿತ ನಿಂತಿತು.
ಸಿನಿಮಾದವರು ಕರೆದರು:
ಖಳನಾಯಕ ಸಿಗರೇಟು ಹಚ್ಚುವಷ್ಟು ಹೊತ್ತಿಗೆ ಸಂಗೀತ ಬೇಕು,
ಹದಿನಾಲ್ಕು ಸೆಕೆಂಡು.
ಕೊಟ್ಟ. ಆರು ವರ್ಷ ಹಾಗೆಯೇ ಕೊಟ್ಟ.
ನಂತರ ಲಾರಿ ಹಿಡಿದ.

ಕಾರವಾರದಲ್ಲಿ ಯಾರು ಕುಣಿಯಬೇಕು?
ಕಾನ್ವೆಂಟಿನ ಮಕ್ಕಳಿಗೆ ಪಾಠ, ಭಾನುವಾರ ಇಗರ್ಜಿ,
ಸಂಜೆ ಒಬ್ಬನೇ ಹೊಸದೊಂದು ಬರೆಯುತ್ತಿದ್ದ.
'ಕೂರ್ಮಗಡದ ದೀಪ' ಎಂದೊಂದು. 'ಒಣಮೀನು' ಎಂದೊಂದು.
'ಕಸ್ಟಂಸಿನವನ ಹೆಂಡತಿ', ಅದರ ಬಗ್ಗೆ ಕೇಳಬಾರದು.
ಗೋಡೆಯಾಚೆ ಬಲೆ ಹೆಣೆಯುವವರು
'ಬೊಸ್ತ್ಯಾಂವನ ಜಗಳ ಸುರುವಾಯ್ತು' ಅನ್ನುತ್ತಿದ್ದರು.
ಜಗಳದ ನಡುನಡುವೆ ಆ ಟಕ್.
ರಿಪೇರಿ ಮಾಡಲಾ, ಅಪ್ಪ ಕೇಳಿದ. ಆಮೇಲೆ ನಾನೂ ಕೇಳಿದೆ.
'ಇರಲಿ, ನೋಡುವಾ.'
ಮೂವತ್ತೊಂದು ವರ್ಷ ನೋಡಿದ.

ಅವನು ಹೋದ ಮೇಲೆ ಪಿಯಾನೊ ಕಾನ್ವೆಂಟಿಗೆ ಸೇರಿತು,
ಜೊತೆಗೆ ಗೆದ್ದಲು ಅರ್ಧ ಓದಿದ ಒಂದು ಟ್ರಂಕು ಕಾಗದ.
ನಾನು ತಿಳಿದಿದ್ದೆ: ಆ ಮನೆಯನ್ನು ತಪ್ಪಿಸಿ ತಪ್ಪಿಸಿ
ಸ್ವರ ಕಟ್ಟಿದ್ದಾನೆ, ಜಾಣ.
ಸಿಸ್ಟರ್ ಫ್ಲೋರಿನಾ ಬೆರಳಿಟ್ಟು ತೋರಿಸಿದರು,
ಇಲ್ಲಿ ನೋಡಿ. ಇಲ್ಲಿ. ಮತ್ತೆ ಇಲ್ಲಿ.
ಕಾರವಾರದಲ್ಲಿ ಬರೆದ ಎಲ್ಲದರಲ್ಲೂ ಅದೇ ಸ್ವರ ಎಲ್ಲಕ್ಕಿಂತ ಹೆಚ್ಚು;
ಸಾಲು ಮುಗಿಯುವುದೇ ಅದರ ಮೇಲೆ.
ನಾನು ತಾಳವೆಂದುಕೊಂಡದ್ದು
ಅವನಿಗೆ ಸ್ವರವಾಗಿಯೇ ಕೇಳುತ್ತಿತ್ತು.

ಶಿವಣೆ ಕಟ್ಟಿಗೆ ಕೆತ್ತಿ ಸುತ್ತಿಗೆಗೆ ಹೊಸ ಕಾಲು ಕೂರಿಸಿದೆ.
ಒತ್ತಿದೆ. ಬಂತು.
ಕೊಂಚ ಇಳಿದಿತ್ತು, ತಂತಿ ಏರಿಸಿದೆ.
ಸಿಸ್ಟರ್ ಕೂತು 'ಒಣಮೀನು' ನುಡಿಸಿದರು, ಬರೆದದ್ದು ಬರೆದ ಹಾಗೆ.
ಕಾಂಪೌಂಡಿನ ನೆರಳಲ್ಲಿ ಬಲೆ ಹರವಿಕೊಂಡಿದ್ದ ಮುದುಕ
ತಲೆ ಎತ್ತದೆ ಹೇಳಿದ:
'ತಪ್ಪಿತು. ಅಲ್ಲಿ ಟಕ್ ಅನ್ನಬೇಕು.'

ಮಜೂರಿ ಅರ್ಧ ತೆಗೆದುಕೊಂಡೆ.